ಮೀಡಿಯಂ ಫಾರ್ಮ್ಯಾಟೂ ಅಮ್ಮನ ಸೊಟ್ಟ ಹಲ್ಲೂ

ಭೂಗೋಳದ ಮೇಷ್ಟ್ರು ಆ ಕ್ಯಾಮೆರಾವನ್ನು ಮೊದಲ ಸಲ ಕಂಡದ್ದು, ಗಡಿಯಾರ ರಿಪೇರಿಯವನಿಗೂ ಬೀಗದ ಕೈ ಮಾಡುವವನಿಗೂ ನಡುವೆ ಮಹಡಿ ಮೆಟ್ಟಿಲ ಕೆಳಗೆ ಸಿಕ್ಕಿಸಿಟ್ಟಂತಿದ್ದ ಹಳೆಯ ಕ್ಯಾಮೆರಾ ಅಂಗಡಿಯಲ್ಲಿ. ಶಾಲೆಯ ಗುಂಪುಚಿತ್ರಕ್ಕೆ ಕಟ್ಟು ಹಾಕಿಸಲು ಹೋಗಿದ್ದರು. ಗಾಜಿನ ಕಪಾಟಿನ ಕೆಳಸಾಲಿನಲ್ಲಿ, ಬೂದು ಬಟ್ಟೆಯ ಮೇಲೆ, ಒಂದರ ಮೇಲೊಂದು ಎರಡು ಕಣ್ಣು ಬಿಟ್ಟುಕೊಂಡು ಅದು ಕೂತಿತ್ತು. ಚರ್ಮದ ಹೊದಿಕೆ ಒಂದು ಮೂಲೆಯಲ್ಲಿ ಎದ್ದಿತ್ತು. ಅಂಗಡಿಯ ಮುದುಕರು ಅದನ್ನು ಹೊರತೆಗೆದು, ನೆತ್ತಿಯ ಮುಚ್ಚಳ ಎತ್ತಿ, ಮೇಷ್ಟ್ರ ಹೊಟ್ಟೆಯ ಮಟ್ಟಕ್ಕೆ ಹಿಡಿದರು. ಮೇಷ್ಟ್ರು ಬಗ್ಗಿ ನೋಡಿದರು. ಬಿಸ್ಕತ್ತಿನಷ್ಟು ಅಗಲದ ಗಾಜಿನ ಮೇಲೆ ಹೊರಗಿನ ಬೀದಿಯೆಲ್ಲ ಇತ್ತು. ಬಲಕ್ಕೆ ಹೋಗಬೇಕಾದ ಬಸ್ಸು ಮಾತ್ರ ಎಡಕ್ಕೆ ಹೋಗುತ್ತಿತ್ತು. ಮಕ್ಕಳಿಗೆ ಪೂರ್ವ ಪಶ್ಚಿಮ ಕಲಿಸಿ ಕೂದಲು ಹಣ್ಣಾದ ಮೇಷ್ಟ್ರಿಗೆ ಅಲ್ಲಿಯೇ ದಿಕ್ಕು ತಪ್ಪಿತು.

ಮದುವೆಯ ದಿನವೂ ಈ ಮನುಷ್ಯ ಇಷ್ಟು ಹೊತ್ತು ತಲೆ ತಗ್ಗಿಸಿ ನಿಂತಿರಲಿಲ್ಲ ಎಂದು ಅವರ ಹೆಂಡತಿ ಆಮೇಲೆ ಹೇಳಿದರು. (ಹೆಂಡತಿ ಹಲ್ಲಿನ ಡಾಕ್ಟರು. ತಲೆ ತಗ್ಗಿಸಿ ದುಡಿಯುವುದೆಂದರೇನು ಎಂಬುದು ಅವರಿಗೆ ಗೊತ್ತು.)

ಆದರೂ ಮೇಷ್ಟ್ರು ಅಂದೇ ಕೊಳ್ಳಲಿಲ್ಲ. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಅವರು. ಯಾವ ವಸ್ತುವನ್ನೂ ಅಭ್ಯಾಸ ಮಾಡದೆ ಮುಟ್ಟುವವರಲ್ಲ. ಹಿಂದೊಮ್ಮೆ ಛತ್ರಿ ಕೊಳ್ಳಬೇಕಾದಾಗ ಅಭ್ಯಾಸ ಮುಗಿಯುವ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಕ್ಯಾಮೆರಾದ ಹಂಬಲ ಹುಟ್ಟಿದ್ದು ಅಮ್ಮನ ನಗುವಿನಿಂದ. ಮೇಷ್ಟ್ರ ತಾಯಿ ನಕ್ಕರೆ ಇಡೀ ಮೈ ನಗುತ್ತಿತ್ತು, ತೊಡೆ ತಟ್ಟಿಕೊಳ್ಳುತ್ತಿದ್ದರು, ಕಣ್ಣಲ್ಲಿ ನೀರು ಬರುತ್ತಿತ್ತು. ಆ ನಗುವಿನ ಮುಂದಾಳಾಗಿ ಮೇಲ್ಸಾಲಿನ ಒಂದು ಸೊಟ್ಟ ಹಲ್ಲು ಎಲ್ಲರಿಗಿಂತ ಮೊದಲು ಹೊರಗೆ ಬರುತ್ತಿತ್ತು. ಆದರೆ ಯಾರಾದರೂ ಮುಖದ ಹತ್ತಿರ ಫೋನೋ ಕ್ಯಾಮೆರಾವೋ ಎತ್ತಿದರೆ ಸಾಕು, ಅಮ್ಮನ ಅಂಗೈ ಬಾಯಿಗೆ ಬಂತೆಂದೇ ಲೆಕ್ಕ. ಮನೆಯಲ್ಲಿದ್ದ ಅಮ್ಮನ ಒಂದೇ ಒಂದು ಚಿತ್ರ ಗುರುತಿನ ಚೀಟಿಯದು. ಅದರಲ್ಲಿ ಅವರು ಏನೋ ಕದ್ದು ಸಿಕ್ಕಿಬಿದ್ದವರ ಹಾಗಿದ್ದರು. ಹೊಟ್ಟೆಯ ಹತ್ತಿರ ಹಿಡಿಯುವ ಕ್ಯಾಮೆರಾ ಆದರೆ ಅಮ್ಮನಿಗೆ ಗೊತ್ತಾಗುವುದಿಲ್ಲ, ಮೀಡಿಯಂ ಫಾರ್ಮ್ಯಾಟ್ ಎಂಬ ದೊಡ್ಡ ಅಳತೆಯ ಫಿಲಂ ಆದ್ದರಿಂದ ಗೋಡೆಯಗಲದ ಚಿತ್ರವನ್ನೂ ಮಾಡಿಸಬಹುದು ಎಂಬುದು ಮೇಷ್ಟ್ರ ಸಿದ್ಧಾಂತ.

ಸಿದ್ಧಾಂತದಿಂದ ಆಯ್ಕೆಗೆ ಬರುವಷ್ಟರಲ್ಲಿ ವರ್ಷ ಕಳೆಯಿತು. ಅಭ್ಯರ್ಥಿಗಳು ಮೂವರು. ಲೆನ್ಸು ಬಿಚ್ಚಿ ಬದಲಿಸಬಹುದಾದ ದೊಡ್ಡಣ್ಣ ಒಬ್ಬ. ಅವನ ಚಿತ್ರ ಬಲು ಚೆಂದ, ಆದರೆ ಹೊರಲು ಇನ್ನೊಬ್ಬ ಮೇಷ್ಟ್ರು ಬೇಕು. ಮಡಚಿ ಕೋಟಿನ ಜೇಬಿಗಿಳಿಸಬಹುದಾದ ಸಣ್ಣವ ಇನ್ನೊಬ್ಬ. ಹಗುರ, ಅಗ್ಗ, ಆದರೆ ಹಾರ್ಮೋನಿಯಮ್ಮಿನ ಹಾಗೆ ಮಡಚಿಕೊಳ್ಳುವ ಅವನ ಚರ್ಮದ ತಿದಿಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದು ಬೆಳಕು ಕಳ್ಳನ ಹಾಗೆ ಒಳಗೆ ನುಗ್ಗುತ್ತಿತ್ತು. ಮೂರನೆಯವಳು ಆ ಎರಡು ಕಣ್ಣಿನವಳು. ಲೆನ್ಸು ಬದಲಿಸುವಂತಿಲ್ಲ, ಹೀಗಾಗಿ ಇನ್ನೊಂದು ಲೆನ್ಸಿಗೆ ಆಸೆಪಡುವಂತೆಯೂ ಇಲ್ಲ. ಗೃಹಸ್ಥನಿಗೆ ಇದು ದೊಡ್ಡ ಉಳಿತಾಯ ಎಂದು ಮೇಷ್ಟ್ರು ಊಟದ ಹೊತ್ತಿಗೆ ವಿವರಿಸಿದರು.

“ಮೀಡಿಯಂ ಅಂದ್ಯಲ್ಲ, ಯಾವುದಪ್ಪಾ ಅದು?” ಎಂದು ಅಮ್ಮ ಕೇಳಿದರು.

ಮೇಷ್ಟ್ರು ದೊಡ್ಡಣ್ಣನ ಅಳತೆಯನ್ನು ಎರಡೂ ಕೈಯಲ್ಲಿ ತೋರಿಸಿದರು.

“ಇದು ಮೀಡಿಯಂ ಆದ್ರೆ ದೊಡ್ಡದನ್ನ ಮನೆ ಒಳಗೆ ತರೋಕಾಗುತ್ತೇನೋ? ಬಾಗಿಲು ಕಿತ್ತು ಹಾಕಬೇಕು.”

ಹೊರುವ ಕಷ್ಟವನ್ನು ಹೊತ್ತೇ ತಿಳಿಯಬೇಕೆಂದು ಮೇಷ್ಟ್ರು ನಿರ್ಧರಿಸಿದರು. ಕ್ಯಾಮೆರಾ ಇನ್ನೂ ಇರಲಿಲ್ಲವಾದ್ದರಿಂದ, ಹೆಂಡತಿಯ ಕ್ಲಿನಿಕ್ಕಿನಲ್ಲಿ ಬಿದ್ದಿದ್ದ ರೋಗಿಗಳ ದವಡೆಯ ಸುಣ್ಣದ ಅಚ್ಚುಗಳನ್ನು ದೊಡ್ಡಣ್ಣನ ತೂಕಕ್ಕೆ ಸರಿಯಾಗಿ ಚೀಲಕ್ಕೆ ತುಂಬಿ ಹೆಗಲಿಗೇರಿಸಿ ಶಾಲೆಗೆ ನಡೆದರು. ಸಂಜೆಯ ಹೊತ್ತಿಗೆ ಹೆಗಲು ಬಾತಿತ್ತು. ಅದಕ್ಕಿಂತ ಮುಂಚೆ, ಮಧ್ಯಾಹ್ನ, ಶಿಕ್ಷಕರ ಕೊಠಡಿಯಲ್ಲಿ ಚೀಲದ ಬಾಯಿ ಬಿಚ್ಚಿಕೊಂಡು ದವಡೆಗಳು ಒಂದೊಂದಾಗಿ ಉರುಳಿ, ಒಂದು ಹೋಗಿ ಮುಖ್ಯೋಪಾಧ್ಯಾಯಿನಿಯ ಚಪ್ಪಲಿಯ ಮುಂದೆ ಬಾಯಿ ತೆರೆದು ನಿಂತಿತ್ತು. ಅವರು ಅದನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ರಜೆ ಬೇಕಿದ್ದರೆ ಸಂಕೋಚಪಡಬೇಡಿ ಎಂದರು. ದೊಡ್ಡಣ್ಣ ಸ್ಪರ್ಧೆಯಿಂದ ಹೊರಬಿದ್ದ.

ಸಣ್ಣವನ ತೂತುಗಳ ಬಗ್ಗೆ ಮೇಷ್ಟ್ರು ಇನ್ನೂ ಓದುತ್ತಿದ್ದಾಗಲೇ, ಒಂದು ಗುರುವಾರ, ಡಾಕ್ಟರಮ್ಮ ಅತ್ತೆಯ ಬಾಯಿ ನೋಡಿ ಬಂದು ಗಂಡನ ಪಕ್ಕ ಕೂತರು.

“ರೀ, ಅತ್ತೆಯ ಆ ಮುಂದಿನ ಹಲ್ಲು ಉಳಿಯಲ್ಲ. ಬೇರಲ್ಲಿ ಕೀವಾಗಿದೆ. ಸೋಮವಾರ ತೆಗೀತೀನಿ.”

“ಸ್ವಲ್ಪ ದಿನ ತಡೆಯೋಕಾಗಲ್ವೇನೇ?”

“ನಿಮ್ಮ ಕ್ಯಾಮೆರಾ ಬರೋವರೆಗಾ? ಅಷ್ಟರಲ್ಲಿ ಉಳಿದವೂ ತಾವಾಗೇ ಬೀಳುತ್ವೆ.”

ಮೇಷ್ಟ್ರು ಅಂದು ರಾತ್ರಿ ಉಣ್ಣಲಿಲ್ಲ. ಆ ಹಲ್ಲು ಹೋದರೆ ಆ ನಗುವೂ ಹೋಯಿತು. ಅಮ್ಮ ಮತ್ತೂ ನಗಬಹುದು, ಕಟ್ಟಿಸಿದ ಹಲ್ಲಿನಲ್ಲಿ ಚೆನ್ನಾಗಿಯೇ ನಗಬಹುದು, ಆದರೆ ತಾವು ಹುಟ್ಟಿದಂದಿನಿಂದ ನೋಡಿದ ನಗು ಅದಾಗಿರುವುದಿಲ್ಲ. ಮರುದಿನ ಶಾಲೆ ಬಿಟ್ಟವರು ನೇರವಾಗಿ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋಗಿ ಎರಡು ಕಣ್ಣಿನವಳನ್ನು ಕೈಹಿಡಿದು ಕರೆತಂದರು. ಅಂಗಡಿಯಲ್ಲಿ ಉಳಿದಿದ್ದ ಫಿಲಂ ರೋಲು ಒಂದೇ. ಅದರಲ್ಲಿ ಹನ್ನೆರಡೇ ಚಿತ್ರ.

ಭಾನುವಾರ ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸಲಾಯಿತು. ಮೇಷ್ಟ್ರು ತಲೆ ತಗ್ಗಿಸಿದರು. ಗಾಜಿನಲ್ಲಿ ಅಮ್ಮ ಬಲತುದಿಗೆ ಸರಿದಿದ್ದರು. ನಡುವಿಗೆ ತರಲು ಮೇಷ್ಟ್ರು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದರು. ಅಮ್ಮ ಪೂರ್ತಿ ಮಾಯವಾಗಿ ಬಟ್ಟೆ ಒಣಹಾಕುವ ಹಗ್ಗ ಬಂತು. ಗಾಬರಿಯಲ್ಲಿ ಬೆರಳು ಒತ್ತಿಯೂ ಆಯಿತು. ಹೀಗೆ ಹಗ್ಗದ್ದೊಂದು, ಬಕೆಟ್ಟಿನದೊಂದು, ಪಕ್ಕದ ಮನೆಯ ಕಿಟಕಿಯದೊಂದು ಚಿತ್ರಗಳು ಆಗುತ್ತ ಹೋದವು. ನಡುವೆ ಒಮ್ಮೆ ಅಮ್ಮ ಸರಿಯಾಗಿ ಸಿಕ್ಕಾಗ, ಯಾವುದೋ ಸುಳಿವು ಹತ್ತಿ, ಅಂಗೈ ಬಾಯಿಯ ಮೇಲಿತ್ತು.

ಕಂಬಕ್ಕೆ ಒರಗಿ ನೋಡುತ್ತಿದ್ದ ಡಾಕ್ಟರಮ್ಮ ಕೈ ಒರೆಸಿಕೊಂಡು ಬಂದರು. “ಕೊಡಿ ಇಲ್ಲಿ. ಎಷ್ಟು ಉಳಿದಿದೆ?”

“ಒಂದೇ ಕಣೇ. ಇದು ಉಲ್ಟಾ ತೋರಿಸುತ್ತೆ, ನಿನಗೆ—”

“ಇಡೀ ದಿನ ಬಾಯೊಳಗೆ ಕನ್ನಡಿ ಇಟ್ಕೊಂಡು ಕೆಲಸ ಮಾಡೋಳು ನಾನು. ಉಲ್ಟಾನೇ ನನಗೆ ನೆಟ್ಟಗೆ ಕಾಣೋದು. ನೀವು ಆಕಡೆ ಹೋಗಿ.”

ಮೇಷ್ಟ್ರು ಅಮ್ಮನ ಕುರ್ಚಿಯ ಹಿಂದಕ್ಕೆ ಹೋಗಿ ನಿಂತರು. ತಾವು ಚಿತ್ರದ ಗಡಿಯಿಂದ ಹೊರಗಿದ್ದೇವೆಂದು ಭೂಗೋಳದ ಆಧಾರದ ಮೇಲೆ ಅವರು ನಂಬಿದ್ದರು. ಡಾಕ್ಟರಮ್ಮ ಒಂದೇ ಸಲಕ್ಕೆ ಅತ್ತೆಯನ್ನು ನಡುವಿಗೆ ತಂದು, ತಲೆ ಎತ್ತದೆ, ಪಳಗಿದ ನಾಲಿಗೆಯಿಂದ ಹೇಳಿದರು:

“ಬಾಯಿ ದೊಡ್ಡದಾಗಿ ತೆಗೀರಿ. ಆ ಅನ್ನಿ.”

ನಗಿ ಎನ್ನಬೇಕಾದಲ್ಲಿ ಬಂದ ಮಾತು ಅದು. ಆ ದನಿಗೆ ಆ ಮನೆಯಲ್ಲಿ ಎದುರಾಡಿದವರಿಲ್ಲ. ಅಮ್ಮನ ಕೈ ತೊಡೆಯ ಮೇಲೆಯೇ ಉಳಿಯಿತು. ಹಿಂದಿನಿಂದ ಉದ್ದವಾಗಿ, ವಿಧೇಯವಾಗಿ, “ಆ” ಎಂಬ ಸದ್ದು ಬಂತು. ಅಮ್ಮ ಕತ್ತು ತಿರುಗಿಸಿ ನೋಡಿದರು. ಮಗ ಕಣ್ಣು ಮುಚ್ಚಿ, ಗಂಟಲ ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದು, ನೆಟ್ಟಗೆ ನಿಂತಿದ್ದ.

“ನಿನಗಲ್ಲ ಕಣೋ ಅವಳು ಹೇಳಿದ್ದು,” ಎಂದು ಹೇಳಲು ಹೊರಟ ಅಮ್ಮ ಅರ್ಧಕ್ಕೇ ನಗು ತಡೆಯಲಾರದೆ ಮುಂದಕ್ಕೆ ತಿರುಗಿ ತೊಡೆ ತಟ್ಟಿಕೊಂಡರು. ಕ್ಯಾಮೆರಾ ಟಿಕ್ ಎಂದಿತು.

ಸೋಮವಾರ ಹಲ್ಲು ಹೋಯಿತು. ಚಿತ್ರ ಈಗ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯ ಗೋಡೆಯ ಮೇಲಿದೆ. ಅಮ್ಮ ನಗುತ್ತಿದ್ದಾರೆ, ಸೊಟ್ಟ ಹಲ್ಲು ಎಲ್ಲರಿಗಿಂತ ಮುಂದಿದೆ, ಹಿಂದೆ ಮೇಷ್ಟ್ರು ಬಾಯಿ ತೆರೆದು ನಿಂತಿದ್ದಾರೆ. ಹಿಂದಿರುವವರಿಗೆ ಏನು ತೊಂದರೆ ಎಂದು ರೋಗಿಗಳು ಕೇಳುತ್ತಾರೆ. ಅದು ಹಲ್ಲಿನ ತೊಂದರೆ ಅಲ್ಲ ಎಂದಷ್ಟೇ ಡಾಕ್ಟರಮ್ಮ ಹೇಳುತ್ತಾರೆ.

ಆ ಚಿತ್ರ ನೋಡಿದ ಮೇಲೆ ನೆಂಟರೂ ನೆರೆಯವರೂ ತಮ್ಮ ತಂದೆ ತಾಯಂದಿರನ್ನು ಕರೆತರತೊಡಗಿದ್ದಾರೆ. ಭಾನುವಾರಗಳಲ್ಲಿ ಡಾಕ್ಟರಮ್ಮ ಫೋಟೊ ತೆಗೆಯುತ್ತಾರೆ. ಮೇಷ್ಟ್ರು ಅಂಗಳದಲ್ಲಿ ಬಿಳಿ ಚಾದರ ಎತ್ತಿ ಹಿಡಿದುಕೊಂಡು, ಬಿಸಿಲನ್ನು ಎದುರು ಕೂತವರ ಮುಖಕ್ಕೆ ತಿರುಗಿಸುತ್ತಾರೆ.