ಚಿಟ್ಟೆ ಬೆಡ್‌ಶೀಟಿನ ಮೆರವಣಿಗೆ

ನಮ್ಮ ಮನೆಯಲ್ಲಿ ಪಿಸುಮಾತು ನಿಷೇಧ!

ನನ್ನ ಅವಳಿಗಳು, ಸುಕೃತಿ ಮತ್ತು ಸಿದ್ದಾರ್ಥ, ಏಳನೇ ಕ್ಲಾಸಿಗೆ ಕಾಲಿಟ್ಟ ದಿನ ನಾನು ಹೊರಡಿಸಿದ ರಾಜಾಜ್ಞೆ ಇದು. ಯಾಕೆಂದರೆ ನಾನು ಬೆಳೆದದ್ದೇ ಪಿಸುಮಾತಿನಲ್ಲಿ. ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾನು ದೊಡ್ಡವಳಾದ ದಿನ, ಅಮ್ಮ ಬಾಗಿಲ ಹಿಂದಕ್ಕೆ ಕರೆದು, ಹಳೇ ಸೀರೆಯ ತುಂಡೊಂದನ್ನು ಕೈಗಿಟ್ಟು, "ಯಾರ್ಗೂ ಹೇಳ್ಬೇಡ" ಎಂದಿದ್ದಳು. ಸಂಜೆ ಶಿಫ್ಟು ಬಿಡುವಷ್ಟರಲ್ಲಿ ಇಡೀ ಕಾಲೊನಿಗೆ ಅವಳೇ ಹೇಳಿ ಮುಗಿಸಿದ್ದಳು! ಆರತಿ ಎತ್ತುವಾಗ ಫೋರ್‌ಮನ್ನರ ಹೆಂಡತಿ ನನ್ನ ಗಲ್ಲ ಹಿಡಿದು, "ಇನ್ಮೇಲೆ ಓಡೋದು ಕುಣಿಯೋದು ಎಲ್ಲಾ ಸಾಕು ಪುಟ್ಟಿ" ಎಂದರು. ಖೊಖೊ ಆಟದಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅವತ್ತು ಎಲ್ಲರೂ ಸೇರಿ ಹಿಡಿದರು.

ಅದಕ್ಕೇ ಈ ಶಪಥ. ಹುಡುಗರ ಮೈ, ಹುಡುಗಿಯರ ಮೈ, ಯಾವುದು ಯಾವಾಗ ಹೇಗೆ ಬದಲಾಗುತ್ತದೆ ಎಂಬುದನ್ನೆಲ್ಲ ನಾನೇ, ನಡುಮನೆಯಲ್ಲಿ, ಹಗಲು ಬೆಳಕಿನಲ್ಲಿ, ಚಾರ್ಟು ಹಾಕಿ ವಿವರಿಸುತ್ತೇನೆ! ಐಟಿ ಕಂಪನಿಯೊಂದರಲ್ಲಿ ತರಬೇತಿ ಕೊಡುವುದೇ ನನ್ನ ನೌಕರಿ. ನನ್ನ ಸುಪ್ರಸಿದ್ಧ ಪಾಠದ ಹೆಸರು 'ಎದುರಿನವರ ಮಾತನ್ನು ಗಮನವಿಟ್ಟು ಕೇಳುವ ಕಲೆ'. ಮ್ಯಾನೇಜರುಗಳನ್ನೇ ಪಳಗಿಸಿದವಳಿಗೆ ಹನ್ನೆರಡು ವರ್ಷದ ಎರಡು ಮಕ್ಕಳು ಯಾವ ಮಹಾ!

ಭಾನುವಾರ ದೋಸೆಯಾದ ಮೇಲೆ ಚಾರ್ಟು ಬಿಚ್ಚಿದೆ. ಪತಿದೇವರು ಶ್ರೀಕಾಂತ್ ತಕ್ಷಣ ಚಪ್ಪಲಿ ಮೆಟ್ಟಿದರು.

"ನೀರಿನ ಟ್ಯಾಂಕರ್ ಬಂತಾ ನೋಡ್ಕೊಂಡ್ ಬರ್ತೀನಿ."

"ಟ್ಯಾಂಕರ್ ಬರೋದು ನಾಳೆ ಕಣ್ರೀ."

"ನಾಳೆ ಬರುತ್ತಾ ಅಂತ ನೋಡ್ಕೊಂಡ್ ಬರ್ತೀನಿ!"

ಹೋಗಲಿ. ನಾನು ಮಿದುಳಿನ ಬುಡದ ಪುಟ್ಟ ಗ್ರಂಥಿಯಿಂದ ಶುರು ಮಾಡಿದೆ. ಅದು ಆಜ್ಞೆ ಕೊಟ್ಟೊಡನೆ ಹಾರ್ಮೋನುಗಳು ಹೊರಡುತ್ತವೆ. ಹುಡುಗರ ಧ್ವನಿಪೆಟ್ಟಿಗೆ ಬೆಳೆದು ದನಿ ಒಡೆಯುತ್ತದೆ, ಭುಜ ಅಗಲವಾಗುತ್ತದೆ, ಮೀಸೆ ಇಣುಕುತ್ತದೆ. ಹುಡುಗಿಯರಿಗೆ ಎದೆ ಬೆಳೆಯುತ್ತದೆ, ಸೊಂಟ ಅಗಲವಾಗುತ್ತದೆ, ಮುಟ್ಟು ಶುರುವಾಗುತ್ತದೆ. ಮೊಡವೆ, ಬೆವರು, ಕಂಕುಳ ಕೂದಲು, ಕಾರಣವಿಲ್ಲದ ಸಿಟ್ಟು ಇಬ್ಬರಿಗೂ ಸಮಪಾಲು! ಒಬ್ಬರಿಗೆ ಬೇಗ, ಒಬ್ಬರಿಗೆ ತಡ, ಎರಡೂ ಸರಿಯೇ.

ಸಿದ್ದಾರ್ಥ ಕೈ ಎತ್ತಿದ. "ಅಮ್ಮಾ, ಈ ದನಿ ಮತ್ತೆ ಯಾವಾಗ..." ಅರ್ಧ ವಾಕ್ಯ ಲಾರಿಯ ಹಾಗೆ ಗುಡುಗಿತು, ಉಳಿದರ್ಧ ಕುಕ್ಕರಿನ ಹಾಗೆ ಕೂಗಿತು. ಸುಕೃತಿ ಕಿಸಕ್ಕೆಂದಳು. ಅವನು ಬಾಯಿ ಮುಚ್ಚಿಕೊಂಡ.

"ಪ್ರಶ್ನೆಗಳು ಕೊನೇಲಿ!" ಎಂದು ನಾನು ಮುಂದಿನ ಚಾರ್ಟಿಗೆ ದಾಟಿದೆ. ಕೊನೆಯಲ್ಲಿ ಅವನು ಕೇಳಲಿಲ್ಲ. ಸುಕೃತಿ ಕೇಳಿದಳು.

"ಅಮ್ಮಾ, ನಂಗೆ ಅದಾದ್ರೆ ನೀನ್ ಏನ್ ಮಾಡ್ತೀಯ?"

ಅವಳು ಯಾಕೆ ಕೇಳಿದಳೆಂದು ನನಗೆ ಗೊತ್ತಿತ್ತು. ನಾವು ಬಾಡಿಗೆಗಿರುವುದು ಪಟ್ಟಂದೂರು ಅಗ್ರಹಾರದಲ್ಲಿ, ಪಿಳ್ಳಮ್ಮನವರ ಕಟ್ಟಡದಲ್ಲಿ. ಒಂದಾನೊಂದು ಕಾಲದಲ್ಲಿ ಅವರು ರಾಗಿ ಬೆಳೆದ ಹೊಲದಲ್ಲಿ ಈಗ ನಾವು ಮಹಡಿ ಮಹಡಿಯಾಗಿ ಬೆಳೆದು ನಿಂತಿದ್ದೇವೆ. ಹಿಂದಿನ ವರ್ಷ ಅವರ ಮೊಮ್ಮಗಳು ಶರಣ್ಯ ಮೈನೆರೆದಾಗ ಮನೆ ಮುಂದೆ ಹಸಿ ತೆಂಗಿನಗರಿಯ ಗುಡ್ಲು ಎದ್ದಿತು. ಬೀದಿಯ ಬಾಯಿಗೆ ಫ್ಲೆಕ್ಸೂ ಎದ್ದಿತು! ನಡುವೆ ಹೂವಿನ ಜಡೆಯ ಶರಣ್ಯ, ಸುತ್ತಲೂ ಕಪ್ಪು ಕನ್ನಡಕದ ಸೋದರಮಾವಂದಿರು. ಸ್ಕೂಲ್ ವ್ಯಾನಿನ ಹುಡುಗರು ಬೆಳಿಗ್ಗೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಶರಣ್ಯ ಬ್ಯಾಗಿನಲ್ಲಿ ಮುಖ ಹುದುಗಿಸಿ ಕೂತಿರುತ್ತಿದ್ದಳಂತೆ. ಆಗ ಕೆಳಗಿಳಿದು ಹೋಗಿ, "ಮಗುವಿನ ಮೈ ವಿಷ್ಯ ಬೀದಿಗ್ಯಾಕೆ ಪಿಳ್ಳಮ್ಮ?" ಎಂದು ಘರ್ಜಿಸಿ ಬಂದವಳೂ ನಾನೇ.

ಆದ್ದರಿಂದ ಈಗ ಎದೆ ಸೆಟೆಸಿ ಹೇಳಿದೆ: "ಗುಡ್ಲೂ ಇಲ್ಲ, ಫ್ಲೆಕ್ಸೂ ಇಲ್ಲ. ಕೇಕ್! ಕೆಂಪು ಕೇಕ್! ನನ್ನ ಆಫೀಸಿನವ್ರು, ನಿನ್ನ ಫ್ರೆಂಡ್ಸು, ಅವ್ರ ಅಮ್ಮಂದ್ರು, ಎಲ್ಲಾರ್ನೂ ಕರ್ದು, ಇದ್ರಲ್ಲಿ ನಾಚ್ಕೊಳ್ಳೋದೇನಿದೆ ಅಂತ ತೋರಿಸ್ಬಿಡ್ತೀನಿ!"

"ಎಲ್ಲಾರ್ನೂ?"

"ಎಲ್ಲಾರ್ನೂ!"

"ಯಾರ್ಗೂ ಹೇಳ್ದೆ ಇರಕ್ಕಾಗಲ್ವಾ?"

"ಪಿಸುಮಾತು ನಿಷೇಧ!"

ಅವಳು ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದಳು. ಕ್ರಾಂತಿ ಮುಗಿಯಿತೆಂದು ನಾನು ಚಾರ್ಟು ಸುತ್ತಿಟ್ಟೆ.

ಕೆಲವು ತಿಂಗಳಲ್ಲಿ ಇನ್ನೊಂದು ಕ್ರಾಂತಿ ತಾನಾಗಿಯೇ ನಡೆಯಿತು. ನಮ್ಮ ಮನೆಯ ವಾಷಿಂಗ್ ಮಷೀನು ಪತಿವ್ರತೆಯಂಥದು. ನನ್ನ ಕೈ ಬಿಟ್ಟರೆ ಬೇರೆ ಕೈ ಕಂಡಿಲ್ಲ. ಕಾರ್ಖಾನೆಯಲ್ಲಿ ರೋಬೋಗಳನ್ನು ಕುಣಿಸುವ ಶ್ರೀಕಾಂತ್, ಇದರ ಮುಂದೆ ನಿಂತರೆ "ಸೋಪಿನ ಪುಡಿ ಎಲ್ಲಿಗ್ ಹಾಕೋದೇ?" ಎಂದು ಹದಿನೈದು ವರ್ಷದಿಂದ ಕೇಳುತ್ತಿದ್ದಾರೆ. ಅಂಥ ಮನೆಯಲ್ಲಿ ಒಂದು ಬೆಳಿಗ್ಗೆ ಸಿದ್ದಾರ್ಥ ಬಂದು, "ಅಮ್ಮಾ, ಬೆಡ್‌ಶೀಟ್‌ಗೆ ಯಾವ ಬಟನ್ನು?" ಎಂದ.

ನನ್ನ ಕಣ್ಣಲ್ಲಿ ನೀರು! "ಬಿಸಿನೀರಿನ ಬಟನ್ ಕಣೋ ಬಂಗಾರ! ಎಂಥಾ ಕೊಳೆ ಇದ್ರೂ ಹೋಗ್ಬಿಡುತ್ತೆ!"

ಮುಂದಿನ ತಿಂಗಳೂ ಒಗೆದ. ಮೂರನೆಯ ಸಲವಂತೂ ನಾನು ಮಹಡಿಯವರೆಗೆ ಹಿಂಬಾಲಿಸಿ, ಅವನು ತಂತಿಯ ಮೇಲೆ ಬೆಡ್‌ಶೀಟು ಹರವುತ್ತಿದ್ದುದನ್ನು ವಿಡಿಯೊ ಮಾಡಿದೆ. ಅವನು ಕೈ ಅಡ್ಡ ಹಿಡಿದ. "ಬೇಡಮ್ಮಾ, ಪ್ಲೀಸ್!" ಎಂದು ದನಿ ಒಡೆದುಕೊಂಡು ಕೂಗಿದ. ಎಂಥ ವಿನಯ! ನಮ್ಮ ಬಡಾವಣೆಯ ತಾಯಂದಿರ ಗ್ರೂಪಿಗೆ ಹಾಕಿದೆ: 'ನಾಳೆಯ ಗಂಡಸು ಇಂದು ತಯಾರಾಗುತ್ತಿದ್ದಾನೆ! ಹೆಮ್ಮೆಯ ತಾಯಿ, ಯಮುನಾ ಶ್ರೀಕಾಂತ್.'

ಚಪ್ಪಾಳೆಗಳ ಮಳೆ! ಆಮೇಲೆ ಹೂಗುಚ್ಛ. ಆಮೇಲೆ 'ಶುಭಾಶಯ'. 'ಸಿಹಿ ಯಾವಾಗ?' ಎಂದು ಒಬ್ಬರು, 'ಸುಕೃತಿ ಪುಟ್ಟಿಗೆ ಆಶೀರ್ವಾದ' ಎಂದು ಇನ್ನೊಬ್ಬರು. ಒಗೆದವನು ಇವನು, ಆಶೀರ್ವಾದ ಅವಳಿಗೆ ಯಾಕೆ? ಗಂಡು ಒಗೆದರೆ ಹೆಣ್ಣುಕುಲಕ್ಕೇ ಕ್ಷೇಮವಲ್ಲವೇ ಎಂದು ನಾನೇ ಅರ್ಥ ಮಾಡಿಕೊಂಡೆ. ಎಲ್ಲರಿಗೂ ಕೈ ಮುಗಿದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಿಳ್ಳಮ್ಮ! ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಕೊಬ್ಬರಿ, ಎಳ್ಳು ಬೆಲ್ಲದ ಚಿಗಳಿ, ಹಸಿರು ಬಳೆ, ಹಸಿರು ರವಿಕೆ ಬಟ್ಟೆ.

"ಏನ್ ಯಮುನಮ್ಮ, ಇಂಗಾ ಮಾಡೋದು? ಎಣ್ಮಗ ದೊಡ್ಡೋಳಾದ್ರೆ ಕೆಳಗ್ಲೋರಿಗೆ ಒಂದ್ ಮಾತ್ ಯೋಳ್ಬಾರ್ದಾ?"

ನಾನು ನಕ್ಕೆ. ಹೌದು, ನಕ್ಕೆ! "ಯಾರ್ ಹೇಳಿದ್ರು ನಿಮ್ಗೆ?"

"ನೀನೇ ಆಕಿದೀಯಲ್ಲ! ಸರಣ್ಯನ್ ಅಮ್ಮನ್ ಫೋನ್ನಾಗೆ ನೋಡ್ದೆ. ಚಿಟ್ಟೆ ಬೆಡ್‌ಸೀಟು. ಕಲೆ ನೋಡುದ್ರೆ ಗೊತ್ತಾಗಾಕಿಲ್ವಾ?"

"ಅಯ್ಯೋ, ಅದು ಸಾಂಬಾರೋ ಏನೋ ಪಿಳ್ಳಮ್ಮ! ನನ್ನ ಮಗ್ಳು ನಂಗ್ ಹೇಳ್ದೆ ಇರ್ತಾಳಾ? ನಾನು ಚಾರ್ಟು ಹಾಕಿ ಬೆಳೆಸಿರೋಳು ಅವ್ಳು! ಏಯ್ ಸಿದ್ದೂ, ಬಾರೋ ಇಲ್ಲಿ! ಅದೇನ್ ಕಲೆ ಹೇಳೋ ಅಜ್ಜಿಗೆ!"

ಸಿದ್ದಾರ್ಥ ಬಂದ. ತಟ್ಟೆ ನೋಡಿದ. ಮುಖ ಬಿಳುಚಿಕೊಂಡಿತು.

"ಟೊ... ಟೊಮ್ಯಾಟೊ ಸಾಸ್!" ಲಾರಿ, ಕುಕ್ಕರು ಎರಡೂ ಒಟ್ಟಿಗೆ.

"ಹಾಸಿಗೆ ಮೇಲೆ ತಿಂತೀಯೇನೋ? ಎಷ್ಟ್ ಸಲ ಹೇಳಿದೀನಿ..."

"ಅವ್ನನ್ನ ಬೈಬೇಡ." ಸುಕೃತಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಅದು ನಂದು."

ನಾನು ಫೋನು ನೋಡಿದೆ. ಸಿದ್ದಾರ್ಥನ ಹಾಸಿಗೆಗೆ ಹಾಸುವುದು ನೀಲಿ ಬೆಡ್‌ಶೀಟು. ಚಿಟ್ಟೆಗಳದ್ದು ಸುಕೃತಿಯದು. ಹದಿನೈದು ವರ್ಷದಿಂದ ಈ ಮನೆಯ ಪ್ರತಿ ಬಟ್ಟೆಯನ್ನೂ ಮಡಿಸಿದವಳು ನಾನು! ಇಡೀ ಬಡಾವಣೆಗೆ ಕಂಡದ್ದು ನನಗೆ ಕಂಡಿರಲಿಲ್ಲ. ನಾನು ನಾಳೆಯ ಗಂಡಸನ್ನು ನೋಡುತ್ತಿದ್ದೆ.

"ಯಾವಾಗಿಂದ?"

"ಇದು ಮೂರನೇ ಸಲ. ಪ್ಯಾಡು ನಿನ್ನ ಕಪಾಟಿಂದ ತಗೊಂಡೆ."

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಾ? ಅವ್ನಿಗ್ ಹೇಳಿದೀಯ, ನಂಗ್ ಹೇಳ್ಲಿಲ್ಲ!"

"ನಿಂಗ್ ಹೇಳಿದ್ರೆ ಭಾಷಣ ಆಗುತ್ತೆ. ಇವ್ನಿಗ್ ಹೇಳಿದ್ರೆ ಬಟ್ಟೆ ಒಗೀತಾನೆ, ಅಷ್ಟೇ. ನಂಗೆ ಹೊಟ್ಟೆ ನೋವಿತ್ತು. ಬಕೆಟ್ ಎತ್ತಕ್ಕಾಗ್ತಿರ್ಲಿಲ್ಲ. ಇವ್ನು ಎತ್ತಿದ. ಇವ್ನಿಗೆ ಫೋನ್‌ನಲ್ಲಿ ಮಾತಾಡಕ್ಕೆ ನಾಚ್ಕೆ, ದನಿ ಕೇಳಿ ಎಲ್ರೂ ನಗ್ತಾರೆ. ಅದಕ್ಕೆ ವಾಟರ್ ಕ್ಯಾನ್‌ನವ್ರಿಗೆ, ಟ್ಯೂಶನ್ ಮಿಸ್‌ಗೆ ನಾನೇ ಮಾತಾಡ್ತೀನಿ. ನಾವಿಬ್ರೂ ಹಾಗೆ ಒಪ್ಪಂದ ಮಾಡ್ಕೊಂಡಿದ್ವಿ. ಯಾರ್ಗೂ ಗೊತ್ತಿರ್ಲಿಲ್ಲಮ್ಮ. ಯಾರ್ಗೂ ಗೊತ್ತಿರ್ಲಿಲ್ಲ!"

ನನ್ನ ಕೈಯಲ್ಲಿ ಫೋನು ಟಿಂಗ್ ಎಂದಿತು. ಇನ್ನೊಂದು ಹೂಗುಚ್ಛ. ಕಳಿಸಿದವರು ಸ್ಕೂಲ್ ವ್ಯಾನಿನ ಹಿಂದಿನ ಸೀಟಿನ ಹುಡುಗನ ತಾಯಿ. ಸುಕೃತಿಯೂ ಆ ಹೆಸರು ನೋಡಿದಳು.

"ನಾಳೆಯಿಂದ ನಾನು ವ್ಯಾನ್‌ನಲ್ಲಿ ಹೋಗಲ್ಲ" ಎಂದಳು. ಬಾಗಿಲು ಹಾಕಿಕೊಂಡಳು. ಸಿದ್ದಾರ್ಥ ಬಾಗಿಲಿಗೆ ಬೆನ್ನು ಕೊಟ್ಟು, ಪಹರೆಯವನ ಹಾಗೆ ಕುಳಿತ. ನನ್ನ ಕಡೆ ನೋಡಲಿಲ್ಲ.

ಪಿಳ್ಳಮ್ಮ ತಟ್ಟೆಯ ಮೇಲೆ ರವಿಕೆ ಬಟ್ಟೆ ಮುಚ್ಚಿ ಮೇಜಿನ ಮೇಲಿಟ್ಟರು. ಒಂದು ಚಿಗಳಿ ಎತ್ತಿ ಸಿದ್ದಾರ್ಥನ ಕೈಗೆ ಕೊಟ್ಟರು. ಮೆಟ್ಟಿಲಿಳಿಯುವ ಮುಂಚೆ ತಿರುಗಿ ನಿಂತರು.

"ಬೇಜಾರ್ ಮಾಡ್ಕಾಬೇಡ ಯಮುನಮ್ಮ. ನಮ್ ಫ್ಲೆಕ್ಸು ನಮ್ ಬೀದಿ ಒಂದಕ್ಕೇ ಇತ್ತು. ಅದ್ರಾಗೆ ಬೆಡ್‌ಸೀಟು ಇರ್ನಿಲ್ಲ."

ವಿಡಿಯೊ ಅಳಿಸಿದೆ. ಅಳಿಸುವುದೆಂದರೇನು! ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಅಂಥ ಒಳ್ಳೆಯ ಹುಡುಗನ ಮಾದರಿ ಎಲ್ಲರಿಗೂ ತಿಳಿಯಲೆಂದು ಕೆಲವರು ಬೇರೆ ಗ್ರೂಪುಗಳಿಗೂ ದಾಟಿಸಿದ್ದರು. ನನ್ನ ಅಮ್ಮನಿಗೆ ಒಂದು ಕಾಲೊನಿಗೆ ಸುದ್ದಿ ಮುಟ್ಟಿಸಲು ಸಂಜೆಯವರೆಗೆ ಬೇಕಾಗಿತ್ತು. ಪಾಪ, ಅವಳದ್ದು ಕಾಲ್ನಡಿಗೆ.

ಮಹಡಿಗೆ ಹೋಗಿ ಬೆಡ್‌ಶೀಟು ತಂದೆ. ಬಚ್ಚಲಲ್ಲಿ ಕೂತು ತಣ್ಣೀರಿನಲ್ಲಿ, ಉಪ್ಪು ಹಾಕಿ, ಕೈಯಿಂದ ಉಜ್ಜಿದೆ. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ತಾಗಿದರೆ ಕಚ್ಚಿಕೊಂಡುಬಿಡುತ್ತದೆ. ಪ್ರತಿ ತಿಂಗಳೂ ಬಚ್ಚಲಲ್ಲಿ ಕೂತು ನಾನು ಕಲಿತ ಈ ವಿದ್ಯೆ ಯಾವ ಚಾರ್ಟಿನಲ್ಲೂ ಇರಲಿಲ್ಲ. ಗ್ರಂಥಿಗಳ ಹೆಸರೆಲ್ಲ ಇತ್ತು. ಬಿಸಿನೀರಿನ ಬಟನ್ನು ತೋರಿಸಿದವಳೂ ನಾನೇ. ಎಷ್ಟು ಉಜ್ಜಿದರೂ ಚಿಟ್ಟೆಯ ರೆಕ್ಕೆಯ ಮೇಲಿನ ಕಂದು ಹೋಗಲಿಲ್ಲ.

ಆಗ ಹೊರಗಿನಿಂದ ವಿಜಯೋತ್ಸಾಹದ ಕೂಗು: "ಏನೇ! ಟ್ಯಾಂಕರ್ ಬಂತು ಕಣೇ!" ಶ್ರೀಕಾಂತ್ ಒಳಗೆ ಬಂದರು. ಬಾಗಿಲಿಗೆ ಒರಗಿದ ಮಗನನ್ನು, ಬಚ್ಚಲಲ್ಲಿ ಮೂಗೊರೆಸುತ್ತಿದ್ದ ನನ್ನನ್ನು, ಮೇಜಿನ ಮೇಲಿನ ತಟ್ಟೆಯನ್ನು ನೋಡಿದರು. ಚಿಗಳಿ ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ. ಏನ್ ವಿಶೇಷ?" ಎಂದರು.

ನಾನು ಒದ್ದೆ ಕೈ ಸೀರೆಗೆ ಒರೆಸಿಕೊಂಡು ಕೋಣೆಯ ಬಾಗಿಲ ಬಳಿ ಹೋದೆ. ಸಿದ್ದಾರ್ಥ ಒಂದು ಅಂಗುಲವೂ ಸರಿಯಲಿಲ್ಲ. ಅವನ ತಲೆಯ ಮೇಲಿಂದ ಬಾಗಿ, ಬಾಗಿಲಿಗೆ ಬಾಯಿ ಹತ್ತಿರ ತಂದು, ರಾಜಾಜ್ಞೆ ಹೊರಡಿಸಿದ ಮೇಲೆ ಮೊದಲ ಸಲ ಪಿಸುಗುಟ್ಟಿದೆ.

"ಸಾರಿ ಪುಟ್ಟಾ."

ಒಳಗಿನಿಂದ ಸ್ವಲ್ಪ ಹೊತ್ತಿನ ಮೇಲೆ ಅತ್ತು ಬಳಲಿದ ದನಿ:

"ಆ ಸಾರೀನ ಗ್ರೂಪ್‌ಗೆ ಹಾಕ್ಬೇಡಮ್ಮ."

ಅಷ್ಟರಲ್ಲಿ ಕೈಗೆ ಬಂದಿದ್ದ ಫೋನಿನ ಮೇಲೆ ನನ್ನ ಹೆಬ್ಬೆರಳು ನಿಂತುಹೋಯಿತು. 'ಪ್ರಿಯ ತಾಯಂದಿರೇ, ಇಂದು ನಾನು ಕಲಿತ ಪಾಠ' ಎಂಬಲ್ಲಿಯವರೆಗೆ ಬರೆದಾಗಿತ್ತು.