ಮೂವತ್ತಾರು ಪಟ್ಟು ಮೌನ

ಕಲಬುರಗಿಯ ಮನಸ್ಸಿನ ಡಾಕ್ಟರು ನನಗೆ ಹೇಳಿದ್ದು ಎರಡೇ ಮಾತು. ಊಟವಾದ ಮೇಲೆ ಒಂದು ಗುಳಿಗೆ, ದಿನಕ್ಕೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂಡುವುದು. ಗುಳಿಗೆಯ ವಿಷಯದಲ್ಲಿ ನಾನು ಅವರ ಮಾತು ಮೀರಿದವನಲ್ಲ. ಇಪ್ಪತ್ತು ನಿಮಿಷ ಎಂದಾಗ ಮಾತ್ರ ನನ್ನೊಳಗಿನ ಗಣಿತದ ಮಾಸ್ತರನಿಗೆ ಎಚ್ಚರವಾಯಿತು. ಇಪ್ಪತ್ತು ನಿಮಿಷಕ್ಕೆ ಒಂದು ಪಾಲು ನೆಮ್ಮದಿಯಾದರೆ ಹನ್ನೆರಡು ತಾಸಿಗೆ ಮೂವತ್ತಾರು ಪಾಲು! ಒಂದೇ ಭಾನುವಾರ ಬಾಯಿ ಮುಚ್ಚಿಕೊಂಡರೆ ಈ ತಿಂಗಳ ಧ್ಯಾನ ಪೂರ್ತಿ ಮುಗಿದು, ಮುಂದಿನ ತಿಂಗಳ ಆರು ದಿನದ್ದೂ ಆಗಿಹೋಗುತ್ತದೆ. ಡಾಕ್ಟರಿಗೆ ಇಷ್ಟು ಸರಳ ಲೆಕ್ಕ ಹೊಳೆಯಲಿಲ್ಲವಲ್ಲ ಎಂದು ಮರುಕವಾಯಿತು.

ನಾನು ಯಡ್ರಾಮಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ನಮ್ಮ ಓಣಿಯಲ್ಲಿ ನನ್ನಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ಅದಕ್ಕೆ ಕಾರಣ ಯಾರಿಗೂ ಗೊತ್ತಿರಲಿಲ್ಲ, ಹಾಗೆಂದು ನಾನು ತಿಳಿದಿದ್ದೆ. ನನ್ನ ಬಾಯಿ ನಿಂತರೆ ಎದೆ ಶುರುವಾಗುತ್ತದೆ. ಕ್ಲಾಸಿನ ನಡುವೆ ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಹತ್ತುತ್ತದೆ, ಹೆಂಡತಿಗೆ ಫೋನ್ ಮಾಡುತ್ತೇನೆ. ಬಂದ್ ಆಗಿದೆ ಎಂದು ಅವಳು ಹೇಳಿದ ಮೇಲೆ, ಅವಳ ದನಿ ಯಾಕೆ ಹಾಗಿತ್ತು ಎಂಬ ಚಿಂತೆ ಹತ್ತುತ್ತದೆ. ಇದು ಒಂದು ರೋಗ, ಇದಕ್ಕೆ ಹೆಸರಿದೆ, ಗುಳಿಗೆಯೂ ಇದೆ ಎಂದು ತಿಳಿದಾಗ ಅರ್ಧ ಸಮಾಧಾನವಾಯಿತು. ಉಳಿದರ್ಧದ ಜಾಗದಲ್ಲಿ ಹೊಸ ಭಯ ಬಂದು ಕೂತಿತು. ಈ ಸುದ್ದಿ ಹೊರಗೆ ಬಿದ್ದರೆ 'ತಲೆ ಕೆಟ್ಟ ಮಾಸ್ತರ' ಎಂಬ ಹೆಸರು ಖಾಯಂ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾದನಹಿಪ್ಪರಗಾದ ನನ್ನ ಮಾವನವರಿಗೆ ಗೊತ್ತಾಗುತ್ತದೆ. ಮಗಳನ್ನು ಕೊಡುವಾಗ ಅವರು ನನ್ನ ನೌಕರಿ ಕೇಳಲಿಲ್ಲ, ಹೊಲ ಕೇಳಲಿಲ್ಲ. ಹುಡುಗ ಗಟ್ಟಿ ಇದ್ದಾನೇನು ಎಂದಷ್ಟೇ ಕೇಳಿದ್ದರು.

ಹೀಗಾಗಿ ಹೆಂಡತಿ ಮಹಾದೇವಿಯಿಂದ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದ್ದೆ. ಏನೇ ಆಗಲಿ, ಯಾರೇ ಕೇಳಲಿ, ನನ್ನ ಔಷಧದ ವಿಷಯ ಅವಳ ಬಾಯಿಂದ ಹೊರಬರಕೂಡದು. ತಿಂಗಳ ಮೊದಲ ಶನಿವಾರ ಇಸ್ತ್ರಿ ಅಂಗಿ ತೊಟ್ಟು, ಇಲಾಖೆಯ ಕೆಲಸವಿದೆ ಎಂದು ಓಣಿಗೆಲ್ಲ ಸಾರಿ ಕಲಬುರಗಿಯ ಬಸ್ಸು ಹತ್ತುತ್ತಿದ್ದೆ. ಒಂದೂವರೆ ವರ್ಷ ಈ ಗುಟ್ಟನ್ನು ಎಷ್ಟು ಜಾಣತನದಿಂದ ಕಾಪಾಡಿದ್ದೆನೆಂದರೆ ನನಗೇ ನನ್ನ ಮೇಲೆ ಗೌರವ ಹುಟ್ಟಿತ್ತು.

ಮೌನದ ಯೋಜನೆ ಕೇಳಿದ ಮಹಾದೇವಿ, ಡಾಕ್ಟರು ಹೇಳಿದ್ದು ಇಪ್ಪತ್ತು ನಿಮಿಷವಲ್ಲವೇ ಎಂದು ನೆನಪಿಸಿದಳು. ನಾನು ಮೂವತ್ತಾರರ ಲೆಕ್ಕ ವಿವರಿಸಿ, ಯಾಕೆ ಮೌನ ಎಂದು ಕೇಳುತ್ತ ಹೋದರೆ ಡಾಕ್ಟರ ವಿಷಯ ಹೊರಬಿದ್ದೀತು, ಆದ್ದರಿಂದ ಈ ಮೌನವೂ ಆ ಆಣೆಯೊಳಗೇ ಸೇರಿತು ಎಂದೆ.

"ಮಾಡ್ರಿ," ಎಂದಳು. "ನನಗೂ ಒಂದು ದಿನ ಆರಾಮ ಆಗ್ತದ."

ಭಾನುವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಾಯಿ ಮುಚ್ಚಿದೆ. ಫೋನೂ ಬಂದ್. ಬರೆದು ತೋರಿಸುವುದೂ ಮಾತೇ, ಆದ್ದರಿಂದ ಅದೂ ನಿಷಿದ್ಧ ಎಂದು ನಾನೇ ಒಂದು ಕಾಯಿದೆ ಮಾಡಿಕೊಂಡಿದ್ದೆ. ಗಾಳಿ ಚೆನ್ನಾಗಿದೆ ಎಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೆ. ಮೊದಲ ತಪ್ಪು ಇದೇ.

ಎದುರು ಮನೆಯ ರಸೂಲಸಾಬರು ಪಂಕ್ಚರ್ ಅಂಗಡಿ ನಡೆಸುವವರು. ನಮ್ಮ ಓಣಿಯ ಹಿರಿಯರೂ ಅವರೇ. ದಿನಾ ಬೆಳಿಗ್ಗೆ ನಾನೇ ಮೊದಲು ಕೂಗಿ ಮಾತಾಡಿಸಿ ಅರ್ಧ ತಾಸು ಅವರ ಅಂಗಡಿ ತೆರೆಯಗೊಡುವುದಿಲ್ಲ. ಅಂದು ಅವರೇ ಬಂದು ನಿಂತು, ಆರಾಮಿದ್ದೀರೇನು ಎಂದು ಮೂರು ಸಲ ಕೇಳಿದರು. ನಾನು ಕೈಯಿಂದ ಬಾಯಿ ತೋರಿಸಿದೆ, ಮುಗಿಲು ತೋರಿಸಿದೆ, ಕೊನೆಗೆ ಸಮಾಧಾನವಾಗಿದ್ದೇನೆ ಎಂದು ಎದೆ ಮುಟ್ಟಿ ತೋರಿಸಿದೆ. ಅವರ ಮುಖ ಸಣ್ಣದಾಯಿತು. ಬಾಗಿಲಲ್ಲಿ ನಿಂತಿದ್ದ ಮಹಾದೇವಿಯನ್ನು ಏನಾಯಿತು ಎಂದು ಕೇಳಿದರು. ಅವಳು ಆಣೆಗೆ ಬಿದ್ದವಳು, "ಏನಿಲ್ಲ ಬಿಡ್ರಿ," ಎಂದಷ್ಟೇ ಹೇಳಿ, ನನ್ನ ಅಭಿನಯಕ್ಕೆ ಉಕ್ಕಿದ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಓಡಿದಳು. ಹಿಂದಿನಿಂದ ನೋಡಿದರೆ ಅವಳ ಹೆಗಲು ಕುಣಿಯುತ್ತಿತ್ತು. ಅಳುವವರ ಹೆಗಲೂ ಹಾಗೆಯೇ ಕುಣಿಯುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಮ್ಮ ಕಡೆ ಗಂಡ ಹೆಂಡತಿ ಮಾತು ಬಿಟ್ಟರೆ ಅದು ಅವರಿಬ್ಬರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಹಿರಿಯರನ್ನು ಕೂಡಿಸುತ್ತಾರೆ. ಜಮಖಾನ ಹಾಸುತ್ತಾರೆ. ಹೆಣ್ಣಿನ ಕಡೆಯವರಿಗೆ ಹೇಳಿಕಳಿಸುತ್ತಾರೆ. ಹಿರಿಯರು ಕೇಳಿದ್ದಕ್ಕೆ ಯಾರು ಉತ್ತರ ಕೊಡುವುದಿಲ್ಲವೋ ತಪ್ಪು ಅವರದು ಎಂದು ತೀರ್ಮಾನ. ಈ ಕೊನೆಯ ನಿಯಮ ನನಗೆ ಬಾಯಿಪಾಠವಿತ್ತು, ಏಕೆಂದರೆ ಓಣಿಯ ಎಷ್ಟೋ ಪಂಚಾಯ್ತಿಗಳಲ್ಲಿ ಜಾಸ್ತಿ ಮಾತಾಡಿದ ಹಿರಿಯ ನಾನೇ.

ಒಂಬತ್ತಕ್ಕೆ ರಸೂಲಸಾಬರ ಹೆಂಡತಿ ಖಾಜಾಬಿ ಚುರುಮುರಿ ಸುಸಲದ ಪಾತ್ರೆ ಹಿಡಿದು ಬಂದು ಮಹಾದೇವಿಯ ಪಕ್ಕ ಕೂತರು. ಹತ್ತಕ್ಕೆ ಇನ್ನೂ ಐದಾರು ಹೆಂಗಸರು ಬಂದರು. ನಾನು ಧ್ಯಾನವನ್ನು ಒಳಕೋಣೆಗೆ ವರ್ಗಾಯಿಸಿದೆ. ಕಣ್ಣು ಮುಚ್ಚಿದರೆ ನೆಮ್ಮದಿಯ ಬದಲು ಹೊರಗಿನ ಪಿಸುಮಾತು ಕೇಳುತ್ತಿತ್ತು. ಎದೆ ಢವಢವ ಎನ್ನುತ್ತಿತ್ತು. ಗಡಿಯಾರ ನೋಡಿದೆ. ಮತ್ತೆ ನೋಡಿದೆ. ಒಂದೇ ನಿಮಿಷವಾಗಿತ್ತು! ಹನ್ನೆರಡಕ್ಕೆ ಮಹಾದೇವಿ ಒಳಗೆ ಬಂದು, ರಸೂಲಸಾಬರು ಅಪ್ಪನಿಗೆ ಫೋನ್ ಮಾಡಿದ್ದಾರಂತೆ, ಹೇಳಿಬಿಡಲೇ ಎಂದು ಕೇಳಿದಳು. ನಾನು ಎರಡೂ ಕೈ ಜೋಡಿಸಿ ಬೇಡವೆಂದು ತಲೆಯಾಡಿಸಿದೆ.

ಎರಡೂವರೆಗೆ ಜೀಪು ಬಂದು ನಿಂತಿತು. ಮಾವನವರು, ಅವರೊಡನೆ ಅವರೂರಿನ ಇಬ್ಬರು ಹಿರಿಯರು. ಜಮಖಾನ ಹಾಸಿದರು. ನನ್ನನ್ನು ನಡುವೆ ಕೂಡಿಸಿದರು.

"ಅಳಿಯಾರ, ನಮ್ಮ ಮಗಳ ತಪ್ಪೇನದ, ಹೇಳ್ರಿ," ಎಂದರು ಮಾವ.

ನಾನು ಸುಮ್ಮನಿದ್ದೆ. ಮಗಳನ್ನು ಕೇಳಿದರು, ಅವಳೂ ಸುಮ್ಮನಿದ್ದಳು. ರಸೂಲಸಾಬರು 'ಮಾಸ್ತರು ಒಳ್ಳೆಯವರೇ, ಆದರೆ ಜರಾ... ಸ್ವಲ್ಪ...' ಎಂದು ಶುರು ಮಾಡಿ, ಖಾಜಾಬಿಯ ಮುಖ ನೋಡಿ ಅಲ್ಲಿಗೇ ನಿಂತು ಚಹಾ ಕುಡಿದರು. ಆ 'ಜರಾ'ದಲ್ಲಿ ಬಂದ ಹಿರಿಯರಿಗೆ ಬೇಕಾದಷ್ಟು ಜಾಗ ಸಿಕ್ಕಿತು. ಒಬ್ಬರು ಕುಡಿತ ಎಂದರು, ಇನ್ನೊಬ್ಬರು ಇಸ್ಪೀಟು ಎಂದರು. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಯಾರೋ, ಅವೆರಡೂ ಇಲ್ಲ ಎನ್ನಲು ಹೋಗಿ, ಮಾಸ್ತರು ತಿಂಗಳಿಗೊಮ್ಮೆ ಇಸ್ತ್ರಿ ಅಂಗಿ ಹಾಕಿಕೊಂಡು ಕಲಬುರಗಿಗೆ ಹೋಗುವುದನ್ನು ಜ್ಞಾಪಿಸಿ, ನಾಲಿಗೆ ಕಚ್ಚಿಕೊಂಡರು.

"ಅಲ್ಲಿ ಯಾರದಾಳ?" ಎಂದು ಕೇಳಿದರು ಮಾವ.

ಅಲ್ಲಿ ಇದ್ದದ್ದು ಅರವತ್ತು ದಾಟಿದ ಡಾಕ್ಟರ್ ಮೇಡಂ. ಆದರೆ ನನಗೆ ಮೌನ. ಬೆವರು ಕತ್ತಿನಿಂದ ಬೆನ್ನಿಗೆ ಇಳಿಯಿತು. ಮೌನದಿಂದ ರಕ್ತದೊತ್ತಡ ಇಳಿಯುತ್ತದೆ ಎಂದು ಎಲ್ಲೋ ಓದಿದ್ದೆ. ಬರೆದವರು ಮಾವನ ಮುಂದೆ ಕೂತು ನೋಡಿರಲಿಕ್ಕಿಲ್ಲ.

ನಾಲ್ಕೂ ನಲವತ್ತಕ್ಕೆ ತೀರ್ಪು ಬಂತು. ಮಗಳು ಒಂದು ತಿಂಗಳು ತವರಿನಲ್ಲಿ ಇರತಕ್ಕದ್ದು. ಬಟ್ಟೆ ಕಟ್ಟಿಕೋ ಎಂದರು ಮಾವ. ನನ್ನ ವ್ರತಕ್ಕೆ ಇನ್ನೂ ಒಂದು ತಾಸು ಇಪ್ಪತ್ತು ನಿಮಿಷ ಬಾಕಿ ಇತ್ತು. ನಾಚಿಕೆಗೇಡು, ಆ ಹೊತ್ತಿನಲ್ಲೂ ನಾನು ಆ ಲೆಕ್ಕ ಹಾಕಿದೆ. ಮಹಾದೇವಿ ಏಳಲಿಲ್ಲ. ಅವಳ ಮುಖದಲ್ಲಿ ಬೆಳಗಿನ ನಗು ಇರಲಿಲ್ಲ, ಕಣ್ಣು ತುಂಬಿತ್ತು.

"ಅಪ್ಪಾ, ಅವರದೇನೂ ತಪ್ಪಿಲ್ಲ. ಆಣಿ ಮಾಡೇನಿ, ಹೇಳಾಕ ಬರಂಗಿಲ್ಲ," ಎಂದಳು.

ನನ್ನ ಮರ್ಯಾದೆ ಉಳಿಸಲು ಇವಳು ಹತ್ತು ತಾಸಿನಿಂದ ಊರ ಮುಂದೆ ದುಃಖಿಯಾಗಿ ಕೂತಿದ್ದಾಳೆ, ನಾನು ಆರು ಗಂಟೆಯಾಗಲಿ ಎಂದು ಕಾಯುತ್ತಿದ್ದೇನೆ. ಬಾಯಿ ತೆರೆದೆ.

"ಮಾವಾರ, ನನಗ ಮನಸಿನ ಬ್ಯಾನಿ ಅದ," ಎಂದೆ. "ಒಂದೂವರಿ ವರ್ಷ ಆತು. ದಿನಾ ಗುಳಿಗಿ ತಗೋತೇನಿ. ಕಲಬುರ್ಗ್ಯಾಗ ಇರಾಕಿ ಡಾಕ್ಟರ್."

ನಾನು ಜಮಖಾನದ ಹೂವು ಎಣಿಸುತ್ತ ಕೂತೆ. ಮಾವ ಮಗಳ ಕಡೆ ತಿರುಗಿದರು.

"ಗುಳಿಗಿ ಹೊತ್ತಿಗೆ ಸರಿಯಾಗಿ ಕೊಡ್ತಿಯೇನವ್ವ?"

ಅವಳು ಹೌದೆಂದು ತಲೆಯಾಡಿಸಿದಳು. ಹಾಗಾದರೆ ರೊಟ್ಟಿಗೆ ಹಂಚು ಇಡು, ಎಲ್ಲರಿಗೂ ಹಸಿವಾಗಿದೆ ಎಂದು ಅವರು ಪಂಚಾಯ್ತಿ ಮುಗಿಸಿದರು. ಅಷ್ಟಕ್ಕೇ ನನ್ನ ಒಂದೂವರೆ ವರ್ಷದ ಭಯ ಮುಗಿದುಹೋಯಿತು. ಆಗ ಖಾಜಾಬಿ ಬಾಗಿಲಿನಿಂದ ಮುಂದೆ ಬಂದರು.

"ಮಾಸ್ತರ್ರ, ನಾನೂ ಅದೇ ದವಾಖಾನಿಗೆ ಹೋಗ್ತೇನ್ರಿ, ಆರು ವರ್ಷ ಆತು. ನೀವು ಬೆಂಚಿನ ಮ್ಯಾಲ ಕುಂತ್ರ ನಾ ಕಂಬದ ಹಿಂದ ಕುಂದರ್ತೇನಿ. ನಿಮಗ ಶರಮ್ ಆಗಬಾರ್ದು ಅಂತ."

ರಸೂಲಸಾಬರಿಗೆ ಗೊತ್ತಿತ್ತು. ಕಿರಾಣಿಯವನಿಗೆ ಗೊತ್ತಿತ್ತು. ಓಣಿಯ ನಲವತ್ತು ಮನೆಗೂ ಗೊತ್ತಿತ್ತು! ಈ ರೋಗದಿಂದ ಬೇಸತ್ತು ಮಹಾದೇವಿ ನನ್ನ ಬಿಟ್ಟು ಹೋಗುತ್ತಾಳೆಂದು ಹೆದರಿಯೇ ರಸೂಲಸಾಬರು ಹಿರಿಯರನ್ನು ಕೂಡಿಸಿದ್ದಂತೆ. ಹಾಗಾದರೆ ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಮಗ ಗೊತ್ತದ ಅಂತ ನಿಮಗ ಗೊತ್ತಾದ್ರ, ನೀವು ಮತ್ತ ಗಾಬ್ರಿ ಆಗ್ತಿದ್ರಿ," ಎಂದರು ಖಾಜಾಬಿ.

ನನಗೆ ಅಳು ಬಂತು, ಅತ್ತುಬಿಟ್ಟೆ. ನಾನು ಹತ್ತು ತಾಸು ನಲವತ್ತು ನಿಮಿಷ ಸುಮ್ಮನಿದ್ದು ಮಾದನಹಿಪ್ಪರಗಾದ ತನಕ ಗದ್ದಲ ಎಬ್ಬಿಸಿದ್ದೆ. ಇಡೀ ಓಣಿ ಒಂದೂವರೆ ವರ್ಷ ಸುಮ್ಮನಿದ್ದರೂ ನನಗೆ ಸುಳಿವು ಸಿಕ್ಕಿರಲಿಲ್ಲ.

ಈಗ ದಿನಾ ಸಂಜೆ ಆರಕ್ಕೆ ಬಹಿರಂಗವಾಗಿ ಇಪ್ಪತ್ತು ನಿಮಿಷ ಕೂಡುತ್ತೇನೆ. ಮೊದಲ ದಿನ ನಾನು ಕಣ್ಣು ಮುಚ್ಚಿದ್ದೇ ತಡ, ರಸೂಲಸಾಬರು ಗಾಲಿಗೆ ಗಾಳಿ ತುಂಬುವ ಮಷೀನು ನಿಲ್ಲಿಸಿದರು. ಖಾಜಾಬಿ ಟೀವಿ ಬಂದ್ ಮಾಡಿದರು. ನಲ್ಲಿಯ ಮುಂದಿನ ಜಗಳ ಅರ್ಧಕ್ಕೇ ನಿಂತಿತು. ಮಾಸ್ತರು ಕೂತಿದ್ದಾರೆ ಎಂದು ಓಣಿ ಉಸಿರು ಬಿಗಿಹಿಡಿದಿತ್ತು. ನಲವತ್ತು ಮನೆಯ ಕೆಲಸ ನನ್ನಿಂದ ನಿಂತಿದೆಯಲ್ಲ ಎಂದು ನನ್ನ ಎದೆ ಹೊಡೆದುಕೊಳ್ಳತೊಡಗಿತು. ನಾಲ್ಕನೇ ನಿಮಿಷಕ್ಕೆ ಎದ್ದು ಎದುರಿನ ಅಂಗಡಿಗೆ ಹೋದೆ.

"ಆತೇನ್ರಿ ಮಾಸ್ತರ್ರ?" ಎಂದು ಪಿಸುಗುಟ್ಟಿದರು ರಸೂಲಸಾಬರು.

"ಇಲ್ರಿ. ನೀವು ಮಷೀನ್ ಚಾಲೂ ಮಾಡ್ರಿ," ಎಂದೆ.

ಉಳಿದ ಹದಿನಾರು ನಿಮಿಷ ಅಲ್ಲೇ ಸ್ಟೂಲಿನ ಮೇಲೆ ಕೂತು ಅವರೊಂದಿಗೆ ಮಾತಾಡಿ ಮುಗಿಸಿದೆ. ಇಂದಿಗೂ ಹಾಗೆಯೇ ನಡೆದಿದೆ. ಡಾಕ್ಟರ್ ಮೇಡಂಗೆ ಮಾತ್ರ ಇಪ್ಪತ್ತು ಎಂದೇ ಹೇಳಿದ್ದೇನೆ.