ಬಾಗಿಲ ಮುಂದಿನ ಕೆಂಪು ಬುರುಗು

ಮನ್ಯಾಗ ಒಬ್ಬಾಕಿನ ಕುಂತ್ರ ಏನೂ ಆಗಂಗಿಲ್ಲ ಅಂತಾರ. ಆಗೋದೆಲ್ಲಾ ಆವಾಗೇ. ಅದೂ ಸೋಡಾಪುಡಿ ಡಬ್ಬಿ ಕೈಗೆ ಸಿಕ್ಕಿದ್ರಂತೂ ಕೇಳಬ್ಯಾಡ್ರಿ.

ನಮ್ಮೂರು ಹಿರೇಕೊಟ್ನೆಕಲ್ಲಾಗ ನಾನು ಕಟ್ಟಿ ಮ್ಯಾಲೆ ಕುಂತ್ರ, ದಾರ್ಯಾಗ ಹೋಗೋ ಎಮ್ಮಿ ಸುದ್ದಾ ನಿಂತು ಮುಖ ನೋಡಿ ಹೋಗ್ತಿತ್ತು. ರಾಯಚೂರಿಗೆ ಮಗಳ ಮನಿಗೆ ಬಂದ ಮ್ಯಾಲೆ ಮಾತಾಡಾಕ ಮನಿ ನಾಕು ಗ್ವಾಡಿ ಅಷ್ಟ. ಮಗಳು ದವಾಖಾನ್ಯಾಗ ನರ್ಸು. ಅಳಿಯ ದೇವದುರ್ಗದ ಕಡೆ ಸಾಲಿ ಮಾಸ್ತರ. ಮೊಮ್ಮಗಳು ಯರಗೇರಾದಾಗ ರಸಾಯನಶಾಸ್ತ್ರ ಓದಾಕಿ. ಮುಂಜಾನಿ ಎಲ್ಲಾರೂ ಬಸ್ಸು ಹಿಡಿದ್ರಂದ್ರ ಮನಿ ಗಪ್ಪ. ಓಣ್ಯಾಗಿನ ಗೇಟೆಲ್ಲಾ ಬಂದ್.

೧. ಒಲಿ ಎಲ್ಲದ?

ಒಂದು ಆಯ್ತವಾರ ಮೊಮ್ಮಗಳು, ಅಪ್ಪನ ಸಾಲಿ ಹುಡುಗರಿಗೆ ತೋರಸ್ಬೇಕು ಅಂತ ಅಡಗಿಮನ್ಯಾಗ ಪ್ರಯೋಗಕ್ಕ ಕುಂತ್ಲು. ನಾನು ನೀರು ಕುಡಿಯೋ ಚಂಬಿನ್ಯಾಗ ನಿಂಬಿರಸ ಹಿಂಡಿ ಸೋಡಾಪುಡಿ ಸುರುವಿದ್ಲು. ಬುಸ್ ಅಂತ ಬುರುಗು ಎದ್ದು ಹೊರಗ ಬಂತು. ಹಾಲು ಉಕ್ಕೋದು ನೋಡಿ ನೋಡಿ ಮುಪ್ಪಾದ ಕಣ್ಣು ನಂದು. ಓಡಿಹೋಗಿ ಉಫ್ ಉಫ್ ಅಂತ ಊದಿದೆ. ಮುಖಕ್ಕೆಲ್ಲಾ ಬುರುಗು.

“ಲೇ, ಒಲಿ ಸಣ್ಣ ಮಾಡ!”

“ಅಜ್ಜೀ, ಒಲಿ ಎಲ್ಲದ ಬೇ?”

ನೋಡ್ತೀನಿ, ಒಲಿ ಹಚ್ಚೇ ಇಲ್ಲ. ಬೆಂಕಿ ಇಲ್ದ ಉಕ್ಕೋದು ಇತ್ತಂದ್ರ, ಜಲ್ಮೆಲ್ಲಾ ನಾನು ಹೊಗಿ ಕುಡಿದದ್ದು ಯಾತಕ್ಕವ್ವಾ!

೨. ಮಜ್ಜಿಗಿ ಕೂಡ ಮಾತು

ಮರುದಿನ ಮನ್ಯಾಗ ಯಾರೂ ಇಲ್ಲ. ನಾನೂ ಮಾಡಿ ನೋಡಿದೆ. ನಿಂಬಿಹಣ್ಣು ಇರಲಿಲ್ಲ, ಹುಳಿ ಮಜ್ಜಿಗಿ ಇತ್ತು. ಸೋಡಾ ಹಾಕಿದ್ದ ತಡ, ತಂಬಿಗಿ ತುಂಬಿ ಒಲಿ ಕಟ್ಟಿ ಮ್ಯಾಲೆಲ್ಲಾ ಹರೀತು. ಖುಷಿಯಾತು. ಯಾರಿಗರೆ ಹೇಳ್ಬೇಕಲ್ಲ? ಮಗಳಿಗೆ ಫೋನ್ ಹಚ್ಚಿದೆ.

“ಯವ್ವಾ, ಡ್ಯೂಟಿ ಮ್ಯಾಲ ಅದೀನಿ, ಆಮ್ಯಾಲೆ ಮಾಡ್ತೀನಿ” ಅಂದ್ಲು.

ನಾನು ಅದನ್ನ ಕೇಳಿಸ್ಕೊಳ್ಳದ ಹೇಳಿದ್ದೇ ಹೇಳಿದ್ದು. ಮಜ್ಜಿಗಿ ಹೆಂಗ ಎದ್ದಿತು, ಹೆಂಗ ಹರೀತು, ಎಲ್ಲಾ ಹೇಳಿದೆ. ಹ್ಞೂಂ ಅನ್ನೋ ದನಿ ಬರಲಿಲ್ಲ. ಫೋನ್ ಯಾವಾಗೋ ಕಟ್ಟಾಗಿತ್ತು. ಕಡೀತನ ಕೇಳಿದ್ದು ಆ ಮಜ್ಜಿಗಿ ಒಂದ. ಅದಾದ್ರೂ ಗುಸುಗುಸು ಅನಕೋತ ಕುಂತಿತ್ತು.

೩. ಯಾರ್ ಬಂದಾರ್ರೀ?

ಅಡಗಿಮನಿ ಹೊಲಸಾತು ಅಂತ ಮಗಳು ಬೈದ್ಲು. ಅದಕ್ಕ ಮುಂದಿನ ಸಲ ತಲಬಾಗಲ ಹೊರಗ ಕುಂತೆ. ಬುರುಗು ಜಾಸ್ತಿ ಬರಲೆಂತ ಒಂದು ಬಕೀಟ ನೀರಾಗ ಅರಬಿ ತೊಳಿಯೋ ಸಬಕಾರ ಪುಡಿ ಹಾಕಿದೆ. ಬಣ್ಣ ಚಂದ ಕಾಣಲೆಂತ ಒಂದು ಚಿಟಗಿ ಅರಿಷಿಣ. ಯವ್ವಾ, ಹಳದಿ ಹೋಗಿ ಕೆಂಪಗಾತು! ಮ್ಯಾಲೆ ಸೋಡಾ, ಸ್ವಲ್ಪ ನಿಂಬಿರಸ. ಕೆಂಪು ಬುರುಗು ಮೆಟ್ಟಲಿಳಿದು ಗೇಟು ದಾಟಿ ಓಣಿಗೆ ಹೋತು.

ನಮ್ಮ ಕಡಿ ಬಾಣಂತಿಯೋ ಹೊಸ ಸೊಸಿಯೋ ಮನಿಗೆ ಬಂದ್ರ ಅರಿಷಿಣ-ಸುಣ್ಣ ಕಲಿಸಿದ ಕೆಂಪು ನೀರಿನ ಆರತಿ ಎತ್ತಿ ಬಾಗಲ ಮುಂದ ಚೆಲ್ತೀವಿ. ಎದುರು ಮನಿಯಾಕಿ, ನಾನು ಬಂದಾಗಿಂದ ಒಂದು ಮಾತಾಡದಾಕಿ, ಓಡಿ ಬಂದ್ಲು.

“ಅಜ್ಜೇರ, ಆರತಿ ನೀರು ಚೆಲ್ಲೀರಿ! ಯಾರ್ ಬಂದಾರ್ರೀ?”

ಹಿಂದ ಆಕಿ ಅತ್ತಿ, ಕೈಯಾಗ ಸಕ್ರಿ ಬಟ್ಟಲ. “ಮೊಮ್ಮಗಳಿಗೆ ಗಂಡು ಗೊತ್ತಾತೇನ್ರಿ?” ಅವರ ಹಿಂದ ಬಾಜು ಮನಿಯವರು. ಎಲ್ಲಾರೂ ಒಳಗ ಇಣುಕಿ ನೋಡಾಕತ್ತಾರ.

ಒಂದು ಸುಳ್ಳು ಹೇಳಿ ಬಿಡಲೇನು ಅನಿಸ್ತು. ಬಾಯಿ ಬರಲಿಲ್ಲ.

“ಯಾರೂ ಬಂದಿಲ್ಲ ತಾಯಿ. ನಮ್ಮನಿಗೆ ಯಾರೂ ಬರಂಗಿಲ್ಲ. ನೀವ ಬಂದೀರಿ, ಕುಂದರ್ರಿ.”

ಮೊದಲ ಆಕಿ ಅತ್ತಿ ಬಾಗಲಾಗ ಚಪ್ಪಲಿ ಬಿಟ್ಲು. ಎಲ್ಲಾರೂ ಬಿಟ್ರು. ನಾನು ಚಾ ಇಟ್ಟೆ.

ಸಂಜಿಗೆ ಬಂದ ಮಗಳು ಬಾಗಲಾಗ ಅಷ್ಟು ಚಪ್ಪಲಿ ನೋಡಿ ಎದಿ ಬಡಕೊಂಡ್ಲು. “ಯವ್ವಾ, ನನ್ನ ಬಿಟ್ಟು ಹೋದ್ಯಾ!” ಅಂತ ಅಳಕೋತ ಒಳಗ ಬಂದ್ಲು. ಚಾದ ಬಸಿ ಕೈಯಾಗ ಹಿಡಿದು ನಾನ ಅಂದೆ, “ಇಲ್ಲವ್ವಾ, ಇನ್ನೊಂದು ಸುತ್ತು ಚಾ ಆಗಲಿ, ಆಮ್ಯಾಲೆ ನೋಡೂಣು.”

ಆದ್ರ ಮರುದಿನ ಮತ್ತ ಗೇಟೆಲ್ಲಾ ಬಂದ್. ಅದರ ಮರುದಿನಾನೂ ಬಂದ್. ಮೂರನೇ ದಿನ ಸೋಡಾ ಡಬ್ಬಿ ಹಿಡಕೊಂಡು ಹೊರಗ ಬಂದು ಕುಂತೆ. ಇನ್ನೂ ಮುಚ್ಚಳ ತಗದಿಲ್ಲ, ಎದುರು ಮನಿ ಕಿಡಕಿ ತೆರೀತು.

“ಅಜ್ಜೇರ, ಸೋಡಾ ಹಾಳು ಮಾಡಬ್ಯಾಡ್ರಿ! ಬರಾಕತ್ತೀನಿ, ಚಾ ಇಡ್ರಿ!”